‘ಹಲವು ಕಡೆ ಮಳೆ’ ಎಂದರು, ನಮ್ಮ ತೋಟಕ್ಕೇಕೆ ಬರಲಿಲ್ಲ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮಗೆ ಆರು ಎಕರೆ ಕಾಫಿ ತೋಟವಿದೆ. ಮೂರೂವರೆ ಎಕರೆ ಅರೇಬಿಕಾ, ಉಳಿದದ್ದು ರೋಬಸ್ಟಾ. ರೋಬಸ್ಟಾಕ್ಕೆ ಮಾರ್ಚ್ ಎರಡನೇ ವಾರ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಟ್ಟು ಹೂ ಬಿಡಿಸಿದ್ದೇವೆ. ಅರೇಬಿಕಾ ಇನ್ನೂ ಮೊಗ್ಗಿನಲ್ಲೇ ಕಾಯುತ್ತಿದೆ. ಕೆರೆಯಲ್ಲಿ ಅರೇಬಿಕಾಕ್ಕೆ ಒಂದು ಸುತ್ತು ಹೊಡೆಯುವಷ್ಟು ನೀರು ಮಾತ್ರ ಉಳಿದಿದೆ. ಏಪ್ರಿಲ್ ಮೊದಲ ವಾರದ ಮುನ್ಸೂಚನೆಯಲ್ಲಿ ಸೋಮವಾರ, ಮಂಗಳವಾರ ಜಿಲ್ಲೆಯ ‘ಒಂದೆರಡು ಕಡೆ’, ಬುಧವಾರ, ಗುರುವಾರ ‘ಹಲವು ಕಡೆ’, ಶುಕ್ರವಾರ ‘ಕೆಲವು ಕಡೆ’ ಹಗುರದಿಂದ ಸಾಧಾರಣ ಮಳೆ, ಗುಡುಗು, ಗಾಳಿ ಎಂದಿದೆ. ನಡುವಿನ ಎರಡು ದಿನಕ್ಕೆ ಹಳದಿ ಬಣ್ಣ ಕೊಟ್ಟಿದ್ದಾರೆ. ಮೊಬೈಲಿನಲ್ಲಿ ನೋಡಿದರೆ ಐದೂ ದಿನ ಅದೇ ಮಳೆಮೋಡದ ಚಿತ್ರ, ಅದೇ 60%. ಕಳೆದ ವಾರವೂ ಹೀಗೇ ಇತ್ತು. ಎರಡು ಕಿಲೋಮೀಟರ್ ಆಚೆ ಇರುವ ಭಾವನ ತೋಟಕ್ಕೆ ಒಂದು ಇಂಚು ಇಪ್ಪತ್ತು ಸೆಂಟ್ಸ್ (ನೂರು ಸೆಂಟ್ಸ್ ಎಂದರೆ ಒಂದು ಇಂಚು) ಬಿತ್ತು, ನಮಗೆ ಅಂಗಳದ ಧೂಳೂ ಅಡಗಲಿಲ್ಲ. ಕಾಯಬೇಕೋ, ನೀರು ಹೊಡೆಯಬೇಕೋ? ಕಣದಲ್ಲಿ ಮೆಣಸು ಒಣಗುತ್ತಿದೆ. ಶುಕ್ರವಾರ ಮಗಳ ನಿಶ್ಚಿತಾರ್ಥ, ಅದೂ ಅಂಗಳದಲ್ಲೇ. ಈ ಮುನ್ಸೂಚನೆಯನ್ನು ನಂಬುವುದು ಹೇಗೆ?

ಉತ್ತರ: ಭಾನುವಾರ ಸಂಜೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ವಾರ ನಾಳೆ ಬೆಳಿಗ್ಗೆ ಶುರುವಾಗುತ್ತದೆ. ಆದ್ದರಿಂದ ಮಾಡಬೇಕಾದದ್ದನ್ನು ಮೊದಲು ಹೇಳಿ, ಕಾರಣಕ್ಕೆ ಆಮೇಲೆ ಬರುತ್ತೇನೆ. ನಾಳೆ, ನಾಡಿದ್ದು ಕೆರೆಯ ನೀರು ಮುಟ್ಟಬೇಡಿ. ಮೋಟರು, ಪೈಪು, ಜೆಟ್‌ಗಳನ್ನು ಮಾತ್ರ ಅರೇಬಿಕಾದಲ್ಲಿ ಜೋಡಿಸಿ ಸಿದ್ಧವಾಗಿಡಿ. ಮೆಣಸನ್ನು ಬೆಳಿಗ್ಗೆ ಹರಡಿ, ಮಧ್ಯಾಹ್ನ ಎರಡು ಗಂಟೆಗೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ. ನಿಶ್ಚಿತಾರ್ಥದ ಕೊನೆಯ ಪಂಕ್ತಿ ಎರಡು ಗಂಟೆಯೊಳಗೆ ಏಳುವಂತೆ ನೋಡಿಕೊಳ್ಳಿ. ಇಷ್ಟೇ ಬೇಕಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ನಂಬುವುದು ಹೇಗೆ ಎಂದು ಕೇಳಿದ್ದೀರಿ. ಅದಕ್ಕೆ ಉತ್ತರ ಸ್ವಲ್ಪ ಉದ್ದ.

ನಿಮಗೂ ಹವಾಮಾನ ಇಲಾಖೆಗೂ ಇರುವ ಜಗಳದ ಮೂಲ ಒಂದೇ ಒಂದು ಪದದಲ್ಲಿದೆ. ಆ ಪದ ‘ಮಳೆ’. ಇಲಾಖೆಯ ಲೆಕ್ಕದಲ್ಲಿ ಒಂದು ಜಾಗದಲ್ಲಿ ಮಳೆ ಬಂತು ಎನ್ನಲು 2.5 ಮಿಲಿಮೀಟರ್ ಬಿದ್ದರೆ ಸಾಕು. ಅದನ್ನು ನಿಮ್ಮ ತೋಟದ ಭಾಷೆಗೆ ತಿರುಗಿಸಿ ನೋಡಿ: ಇಂಚಿಗೆ 25.4 ಮಿಲಿಮೀಟರ್, ಅಂದರೆ 2.5 ಮಿಲಿಮೀಟರ್ ಎಂಬುದು ಬರೀ ಹತ್ತು ಸೆಂಟ್ಸ್. ಕಾಫಿಯವರಿಗೆ ಹತ್ತು ಸೆಂಟ್ಸ್ ಮಳೆಯೇ ಅಲ್ಲ, ಎಲೆ ತೊಳೆದುಕೊಂಡ ಹಾಗೆ. ನಿಮಗೆ ಮಳೆ ಎಂದರೆ ಒಂದು ಇಂಚು, ಮೊಗ್ಗು ಅರಳಿಸುವ ಹೂಮಳೆ. ಇಲಾಖೆಯ ಮಳೆಗೂ ನಿಮ್ಮ ಮಳೆಗೂ ಹತ್ತು ಪಟ್ಟು ಅಂತರ. ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಮಾಪಕಗಳಲ್ಲಿ ಹತ್ತು ಹತ್ತು ಸೆಂಟ್ಸ್ ಬಿದ್ದು, ಒಂದು ತೋಟದಲ್ಲೂ ಹೂ ಅರಳದೆ ಹೋದರೂ ‘ಹಲವು ಕಡೆ ಮಳೆ’ ಎಂದ ಮುನ್ಸೂಚನೆ ನೂರಕ್ಕೆ ನೂರು ಸರಿ. ಅವರು ಸುಳ್ಳು ಹೇಳಿಲ್ಲ, ನಿಮಗೆ ಮಳೆಯೂ ಆಗಿಲ್ಲ. ಎರಡೂ ನಿಜ.

‘ಒಂದೆರಡು’, ‘ಕೆಲವು’, ‘ಹಲವು’ ಎಂಬ ಮಾತುಗಳನ್ನು ಬಾಯಿಗೆ ಬಂದಂತೆ ಬಳಸುವುದಿಲ್ಲ. ಮಾಪಕಗಳಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ನೆನೆದರೆ ‘ಒಂದೆರಡು ಕಡೆ’. ಇಪ್ಪತ್ತಾರರಿಂದ ಐವತ್ತಾದರೆ ‘ಕೆಲವು ಕಡೆ’. ಐವತ್ತೊಂದರಿಂದ ಎಪ್ಪತ್ತೈದು ‘ಹಲವು ಕಡೆ’. ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಟಿ.ವಿ.ಯಲ್ಲಿ ಇವೆಲ್ಲವೂ ಸೇರಿ ‘ಅಲ್ಲಲ್ಲಿ’ ಆಗುತ್ತವೆ, ಇನ್ನೂ ಉತ್ಸಾಹ ಬಂದರೆ ‘ಭರ್ಜರಿ’ ಆಗುತ್ತವೆ. ಭರ್ಜರಿ ಎಂಬ ವರ್ಗ ಇಲಾಖೆಯ ಪಟ್ಟಿಯಲ್ಲಿ ಇಲ್ಲ. ಅಲ್ಲಿ ಇರುವುದು ಹಗುರ ಮಳೆ, 15.5 ಮಿಲಿಮೀಟರ್‌ವರೆಗೆ, ಅಂದರೆ ಸುಮಾರು ಅರವತ್ತು ಸೆಂಟ್ಸ್. ಸಾಧಾರಣ ಮಳೆ, 64.4ರವರೆಗೆ, ಎಂದರೆ ಎರಡೂವರೆ ಇಂಚು. ಭಾರೀ ಮಳೆ ಎನ್ನುವುದು ಅಲ್ಲಿಂದಾಚೆ. ‘ಹಗುರದಿಂದ ಸಾಧಾರಣ’ ಎಂದು ನೀವು ಓದಿದ್ದು ಹತ್ತು ಸೆಂಟ್ಸಿನಿಂದ ಎರಡೂವರೆ ಇಂಚಿನವರೆಗೆ ಚಾಚಿಕೊಂಡ ಮಾತು. ನಿಮ್ಮ ಇಡೀ ವರ್ಷದ ಬೆಳೆಯ ಪ್ರಶ್ನೆ ಆ ಒಂದು ಮಾತಿನ ಹೊಟ್ಟೆಯೊಳಗೇ ಇದೆ.

ಈಗ ಭಾವನ ತೋಟಕ್ಕೆ ಬರೋಣ.

ಮಾರ್ಚ್‌ನಿಂದ ಮೇ ನಡುವಿನ ಮಳೆ ಜೂನ್ ಮಳೆಯಂತಲ್ಲ. ಜೂನ್‌ನಲ್ಲಿ ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಂದು ಒರಗಿ, ಊರಿಗೆ ಊರನ್ನೇ ಕಂಬಳಿ ಹೊದಿಸಿದ ಹಾಗೆ ನೆನೆಸುತ್ತದೆ. ಏಪ್ರಿಲ್ ಮಳೆ ಒಂಟಿ ಮೋಡಗಳ ಮಳೆ. ಈ ತಿಂಗಳುಗಳಲ್ಲಿ ಮರಾಠವಾಡದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ, ನೆಲದಿಂದ ಒಂದು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ, ಆಗಾಗ ಒಂದು ಗೆರೆ ಮೂಡುತ್ತದೆ. ಅದರ ಒಂದು ಪಕ್ಕದಲ್ಲಿ ಪಡುವಣ, ವಾಯುವ್ಯದ ಗಾಳಿ. ಇನ್ನೊಂದು ಪಕ್ಕದಲ್ಲಿ ಬಂಗಾಳ ಕೊಲ್ಲಿಯಿಂದ ತೇವ ಹೊತ್ತು ಬರುವ ಆಗ್ನೇಯದ ಗಾಳಿ. ಇವೆರಡೂ ಎದುರುಬದುರಾದಾಗ ಹೋಗುವುದಕ್ಕೆ ಬೇರೆ ದಾರಿಯಿಲ್ಲದೆ ಮೇಲಕ್ಕೇರುತ್ತವೆ. ಆ ಗೆರೆ ಪಡುವಣಕ್ಕೆ ಸರಿದು ಘಟ್ಟದ ಹತ್ತಿರ ನಿಂತ ದಿನ ಮಲೆನಾಡಿಗೆ ಯೋಗ, ಮೂಡಣಕ್ಕೆ ಸರಿದ ದಿನ ಕೋಲಾರದ ಕಡೆಯವರಿಗೆ. ಬುಧವಾರ, ಗುರುವಾರ ನಿಮ್ಮ ಜಿಲ್ಲೆಗೆ ‘ಹಲವು ಕಡೆ’ ಎಂದಿದ್ದಾರೆಂದರೆ ಅದು ಹತ್ತಿರ ಬರುವ ನಿರೀಕ್ಷೆಯಲ್ಲಿದ್ದಾರೆ ಎಂದೇ ನಾನು ಓದುತ್ತೇನೆ.

ಗಾಳಿ ಮೇಲೇರುವುದು ಇಡೀ ಜಿಲ್ಲೆಯಲ್ಲಿ ಒಟ್ಟಿಗಲ್ಲ. ಬೆಳಗಿನ ಬಿಸಿಲಿಗೆ ಮೊದಲು ಕಾಯುವುದು ಮೂಡಣಕ್ಕೆ ಮುಖ ಮಾಡಿದ ಬೆಟ್ಟದ ಇಳಿಜಾರು, ಬಂಡೆ, ಬೋಳುಗುಡ್ಡ. ಅಲ್ಲಿಂದ ಬಿಸಿಗಾಳಿ ಒಂದು ಕಂಬದಂತೆ ಎದ್ದು, ಹನ್ನೊಂದರ ಹೊತ್ತಿಗೆ ಹೂಕೋಸಿನಂಥ ಮೋಡವಾಗಿ, ಎರಡು ಮೂರರ ಹೊತ್ತಿಗೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಅದರ ಬುಡದಲ್ಲಿ ಜೋರು ಮಳೆ ಬೀಳುವ ಅಗಲ ನಾಲ್ಕೈದು ಕಿಲೋಮೀಟರ್ ಇದ್ದರೆ ಹೆಚ್ಚು. ಆಯುಷ್ಯ ಅರ್ಧ ಗಂಟೆಯಿಂದ ಒಂದು ಗಂಟೆ. ಐದು ಕಿಲೋಮೀಟರ್ ಅಗಲದ ಒಂದು ಮೋಡ ಸಾಯುವ ಮೊದಲು ಹದಿನೈದು ಕಿಲೋಮೀಟರ್ ನಡೆಯಿತು ಎಂದಿಟ್ಟುಕೊಳ್ಳಿ. ನೆನೆದ ನೆಲ 75 ಚದರ ಕಿಲೋಮೀಟರ್. ಚಿಕ್ಕಮಗಳೂರು ಜಿಲ್ಲೆ ಸುಮಾರು 7,200 ಚದರ ಕಿಲೋಮೀಟರ್. ಒಂದು ಮೋಡ ಜಿಲ್ಲೆಯ ನೂರನೇ ಒಂದು ಪಾಲನ್ನು ಮಾತ್ರ ತೋಯಿಸಿದ ಹಾಗಾಯಿತು. ಅದರ ಅಂಚು ಗದ್ದೆಯ ಬದುವಿನಷ್ಟು ನಿಖರ. ರಸ್ತೆಯ ಈ ಬದಿ ಒದ್ದೆ, ಆ ಬದಿ ಧೂಳು ಇರುವುದನ್ನು ನೀವೂ ನೋಡಿದ್ದೀರಿ. ಎರಡು ಕಿಲೋಮೀಟರ್ ಅಂತರವೆಂದರೆ ಭಾವನ ತೋಟ ಮಳೆಯ ನಡುಮಧ್ಯದಲ್ಲೂ ನಿಮ್ಮದು ಅಂಚಿನ ಹೊರಗೂ ಇರಲು ಧಾರಾಳವಾಗಿ ಸಾಕು. ಅವರು ಪುಣ್ಯ ಮಾಡಿದ್ದಾರೆ, ನೀವು ಮಾಡಿಲ್ಲ ಎಂದೇನೂ ಅಲ್ಲ.

ಹಾಗಿದ್ದರೆ ಮೊಬೈಲಿನ 60% ಎಲ್ಲಿಂದ ಬರುತ್ತದೆ? ಬಹಳಷ್ಟು ಆ್ಯಪ್‌ಗಳ ಹಿಂದೆ ಇರುವುದು ಜಗತ್ತನ್ನೆಲ್ಲ ಚೌಕ ಚೌಕವಾಗಿ ಹಂಚಿಕೊಂಡು ಲೆಕ್ಕ ಹಾಕುವ ಗಣಕ ಮಾದರಿಗಳು. ಒಂದು ಚೌಕದ ಬದಿ ಕೆಲವದರಲ್ಲಿ ಒಂಬತ್ತು ಕಿಲೋಮೀಟರ್, ಕೆಲವದರಲ್ಲಿ ಇಪ್ಪತ್ತೈದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ, 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ ಇದನ್ನು ಆರು ಕಿಲೋಮೀಟರ್‌ಗೆ ಇಳಿಸಿತು. ಅದಕ್ಕೂ ಮೊದಲು ನಮ್ಮದು ಹನ್ನೆರಡು ಇತ್ತು. ದೊಡ್ಡ ಸಾಧನೆಯೇ. ಆದರೂ ಆರು ಕಿಲೋಮೀಟರ್ ಚೌಕದಲ್ಲಿ ನಿಮ್ಮ ತೋಟ, ಭಾವನ ತೋಟ, ನಡುವಿನ ಹಳ್ಳ, ಗುಡ್ಡ ಎಲ್ಲವೂ ಒಂದೇ ಚುಕ್ಕೆ. ಇಪ್ಪತ್ತೈದರ ಚೌಕದಲ್ಲಿ ಮೂಡಿಗೆರೆಗೂ ಪಕ್ಕದ ಊರುಗಳಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಮೇಲಾಗಿ ಅನೇಕ ಆ್ಯಪ್‌ಗಳಲ್ಲಿ ‘ಮಳೆ’ ಎಂದರೆ ಕೊಡೆ ಬಿಚ್ಚುವಷ್ಟೂ ಇಲ್ಲದ ನಾಲ್ಕು ಹನಿ. ಇಲಾಖೆಯ ಹತ್ತು ಸೆಂಟ್ಸೇ ನಿಮಗೆ ಕಡಿಮೆಯಾಗಿದ್ದರೆ, ಇದು ಒಂದೆರಡು ಸೆಂಟ್ಸಿನ ಸಾಧ್ಯತೆ. ಐದೂ ದಿನ ಒಂದೇ ಚಿತ್ರ, ಒಂದೇ ಅಂಕಿ ತೋರಿಸಿದರೆ ಆ ಆ್ಯಪ್‌ಗೆ ದಿನದಿಂದ ದಿನಕ್ಕೆ ಇರುವ ಭೇದ ತಿಳಿದಿಲ್ಲ ಎಂದರ್ಥ. ನೀವೇ ಬರೆದು ಕಳುಹಿಸಿದ ಜಿಲ್ಲಾ ಮುನ್ಸೂಚನೆಯಲ್ಲಿ ಆ ಭೇದ ಸ್ಪಷ್ಟವಾಗಿದೆ. ಅದನ್ನು ಹಿಡಿದುಕೊಳ್ಳಿ, ಮೋಡದ ಚಿತ್ರವನ್ನು ಬಿಡಿ.

ಆ ಭೇದವನ್ನು ಹಿಡಿದುಕೊಂಡು ಒಂದು ಲೆಕ್ಕ ಮಾಡೋಣ. ಸೋಮವಾರ, ಮಂಗಳವಾರ ನೂರಕ್ಕೆ ಇಪ್ಪತ್ತು ಕಡೆ, ಬುಧವಾರ, ಗುರುವಾರ ಅರವತ್ತು ಕಡೆ, ಶುಕ್ರವಾರ ಮೂವತ್ತೈದು ಕಡೆ ನೆನೆಯುತ್ತದೆ ಎನ್ನಿ. ಐದೂ ದಿನ ನಿಮ್ಮನ್ನು ಬಿಟ್ಟುಹೋಗುವ ಸಾಧ್ಯತೆ 0.8 ಗುಣಿಸು 0.8 ಗುಣಿಸು 0.4 ಗುಣಿಸು 0.4 ಗುಣಿಸು 0.65. ಉತ್ತರ ನೂರಕ್ಕೆ ಏಳರ ಹತ್ತಿರ. ಒಂದು ದಿನದ ಮಳೆ ಮರುದಿನದ ಮಳೆಯನ್ನು ಪ್ರಭಾವಿಸುವುದರಿಂದ ಈ ಲೆಕ್ಕ ಪೂರ್ತಿ ಶುದ್ಧವಲ್ಲ, ಹತ್ತು ಎಂದೇ ಇಟ್ಟುಕೊಳ್ಳಿ. ಅಂದರೆ ವಾರದೊಳಗೆ ಹತ್ತು ಸೆಂಟ್ಸಾದರೂ ಬೀಳುವುದು ಬಹುಮಟ್ಟಿಗೆ ಖಚಿತ.

ಒಂದು ಇಂಚು? ನೆನೆದ ಜಾಗಗಳಲ್ಲಿ ಆರಕ್ಕೊಂದು ಕಡೆ ಒಂದೇ ಸಂಜೆ ಇಂಚು ಮುಟ್ಟುತ್ತದೆ ಎಂದು ನಾನು ಅಂದಾಜು ಹಿಡಿಯುತ್ತೇನೆ. ಇದು ಪುಸ್ತಕದ ಲೆಕ್ಕವಲ್ಲ, ನೋಟ್‌ಬುಕ್ ತಿರುವಿ ತಿರುವಿ ಬಂದ ಅಭ್ಯಾಸ. ಅದರಂತೆ ಲೆಕ್ಕ ಹಾಕಿದರೆ ವಾರದೊಳಗೆ ನಿಮಗೆ ಹೂಮಳೆ ಸಿಗುವ ಸಾಧ್ಯತೆ ನೂರಕ್ಕೆ ಮೂವತ್ತರ ಆಸುಪಾಸು. ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಏನೂ ಬಾರದಿರುವುದು ಹತ್ತು. ಇಂಚು ಬರುವುದು ಮೂವತ್ತು. ಉಳಿದ ಅರವತ್ತು ಹತ್ತರಿಂದ ತೊಂಬತ್ತು ಸೆಂಟ್ಸಿನ ನಡುವಿನ ಅರೆಬರೆ ಮಳೆ. ನೀವು ಭಯಪಡುತ್ತಿರುವುದು ಮಳೆ ಬಾರದೇ ಹೋದೀತೆಂದು. ನನ್ನ ಭಯ ಈ ಅರೆಬರೆ ಮಳೆಯ ಮೇಲೆ.

ಏಕೆಂದರೆ ಕಾಫಿ ಮೊಗ್ಗಿಗೆ ಅರೆಹೊಟ್ಟೆ ನೀರು ಬರೀ ಉಪವಾಸಕ್ಕಿಂತ ಕೆಟ್ಟದ್ದು. ಒಣ ಕಾಲದಲ್ಲಿ ಮಲಗಿದ್ದ ಮೊಗ್ಗನ್ನು ಮಳೆ ಎಬ್ಬಿಸುತ್ತದೆ. ಎದ್ದ ಮೇಲೆ ಅರಳಲು ಬೇಕಾದಷ್ಟು ತೇವ ಸಿಗದಿದ್ದರೆ ಅರ್ಧ ಉಬ್ಬಿ, ಬಣ್ಣ ತಿರುಗಿ, ಅಲ್ಲಿಗೇ ನಿಲ್ಲುತ್ತದೆ. ಅದು ಮತ್ತೆ ಮಲಗುವುದಿಲ್ಲ. ಆದ್ದರಿಂದ ಕೆರೆಯ ನೀರನ್ನು ಮಳೆಗೆ ಬದಲಿ ಎಂದು ನೋಡಬೇಡಿ, ಮಳೆಗೆ ಭರ್ತಿ ಎಂದು ನೋಡಿ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಐದು ಸಾವಿರ ಲೀಟರ್ ಟ್ಯಾಂಕರ್ ಇಪ್ಪತ್ತು. ನಿಮ್ಮ ಮೂರೂವರೆ ಎಕರೆಗೆ ಮೂರು ಲಕ್ಷ ಅರವತ್ತು ಸಾವಿರ ಲೀಟರ್. ಸೋಮವಾರವೇ ಹೊಡೆದುಬಿಟ್ಟರೆ ಕೆರೆ ಖಾಲಿ, ಬುಧವಾರ ಮೇಲಿನಿಂದ ಇನ್ನೊಂದು ಇಂಚು ಬಿದ್ದರೆ ಡೀಸೆಲ್ಲಿನ ದುಡ್ಡೂ ನೀರಿನೊಂದಿಗೆ ಹಳ್ಳಕ್ಕೆ. ಅದರ ಬದಲು ಕಾಯುತ್ತೀರಿ, ಬುಧವಾರ ಸಂಜೆ ನಲವತ್ತು ಸೆಂಟ್ಸ್ ಬೀಳುತ್ತದೆ ಎಂದಿಟ್ಟುಕೊಳ್ಳಿ. ಉಳಿದ ಅರವತ್ತು ಸೆಂಟ್ಸನ್ನು ತಡಮಾಡದೆ ಸ್ಪ್ರಿಂಕ್ಲರ್‌ನಿಂದ ತುಂಬಿಸುತ್ತೀರಿ. ಖರ್ಚಾಗುವುದು ಎರಡು ಲಕ್ಷ ಚಿಲ್ಲರೆ ಲೀಟರ್. ಸುಮಾರು ಒಂದು ಲಕ್ಷ ನಲವತ್ತು ಸಾವಿರ ಲೀಟರ್ ಕೆರೆಯಲ್ಲೇ ಉಳಿಯುತ್ತದೆ. ರೋಬಸ್ಟಾಕ್ಕೆ ಹೂ ಆಗಿ ಎರಡು ಮೂರು ವಾರಕ್ಕೆ ಬೇಕಾಗುವ ಬ್ಯಾಕಿಂಗ್ ನೀರಿಗೆ, ಎಂದರೆ ಕಾಯಿ ಕಚ್ಚಲು ಕೊಡುವ ಎರಡನೇ ಸುತ್ತಿಗೆ, ಅದೇ ಆಸರೆ.

ಹತ್ತು ಹದಿನೈದು ಸೆಂಟ್ಸಿನ ಸಿಂಚನವಾದರೆ? ಮೊಗ್ಗು ಎದ್ದಿದೆಯೋ ಇಲ್ಲವೋ ಎಂಬುದನ್ನು ಆಕಾಶ ನೋಡಿ ಹೇಳಲು ಬರುವುದಿಲ್ಲ, ಗಿಡ ನೋಡಿ ಹೇಳಬೇಕು. ಆ ಮಾತಿಗೆ ನಾನು ಅರ್ಹನಲ್ಲ. ನಿಮ್ಮ ಕಾಫಿ ಮಂಡಳಿಯ ಸಂಪರ್ಕಾಧಿಕಾರಿಯನ್ನೋ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರನ್ನೋ ಸೋಮವಾರವೇ ಕೇಳಿಟ್ಟುಕೊಳ್ಳಿ. ಮಳೆ ಬಿದ್ದ ರಾತ್ರಿ ಫೋನ್ ಹುಡುಕುತ್ತಾ ಕೂರುವಂತಾಗಬಾರದು. ಗುರುವಾರ ರಾತ್ರಿಯವರೆಗೂ ಒಂದು ಹನಿ ಬೀಳದಿದ್ದರೆ, ಶುಕ್ರವಾರದ ‘ಕೆಲವು ಕಡೆ’ಯನ್ನು ನೆಚ್ಚಿಕೊಂಡು ಇನ್ನೂ ಕಾಯಬೇಡಿ. ಮನೆಯಲ್ಲಿ ಶುಭಕಾರ್ಯವಿರುವುದರಿಂದ ಶನಿವಾರ ಬೆಳಿಗ್ಗೆ ಮೋಟರು ಹಾಕಿ.

ಇದೆಲ್ಲ ನಡೆಯಬೇಕಾದರೆ ಒಂದು ಸಾಮಾನು ಬೇಕು. ಎಷ್ಟು ಬಿತ್ತು ಎಂದು ನೀವೇ ಅಳೆಯಬೇಕು, ಭಾವನ ಮಾತಿನಲ್ಲಿ ಅಲ್ಲ, ಅಂದಾಜಿನಲ್ಲೂ ಅಲ್ಲ. ತೋಟದ ಮನೆಯಲ್ಲಿ ಹಳೆಯ ಮಳೆಮಾಪಕ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬಾಯಿಯಿಂದ ತಳದವರೆಗೂ ಒಂದೇ ಅಗಲವಿರುವ, ನೇರ ಗೋಡೆಯ ಒಂದು ಡಬ್ಬ ಸಾಕು. ಬಕೆಟ್ ಬೇಡ, ಅದರ ಬಾಯಿ ಅಗಲ, ತಳ ಕಿರಿದು, ಹೆಚ್ಚು ತೋರಿಸುತ್ತದೆ. ಡಬ್ಬದ ಬಾಯಿ ದೊಡ್ಡದಿರಲಿ, ಸಣ್ಣದಿರಲಿ, ಒಳಗೆ ನಿಂತ ನೀರಿನ ಆಳವೇ ಮಳೆ. ಮಕ್ಕಳ ಸ್ಕೇಲು ಇಳಿಸಿ ಮಿಲಿಮೀಟರ್ ಓದಿ, ನಾಲ್ಕರಿಂದ ಗುಣಿಸಿದರೆ ಸೆಂಟ್ಸ್ ಹತ್ತಿರ ಹತ್ತಿರ ಸಿಗುತ್ತದೆ. ಎಲ್ಲಿಡಬೇಕು ಎನ್ನುವುದೇ ಮುಖ್ಯ. ಸಿಲ್ವರ್ ಮರದ ಕೆಳಗಿಟ್ಟರೆ ಮರ ಕುಡಿದು ಬಿಟ್ಟದ್ದು ಸಿಗುತ್ತದೆ, ಮಾಡಿನ ಅಂಚಿಗಿಟ್ಟರೆ ಹಂಚಿನ ನೀರೂ ಸೇರುತ್ತದೆ. ನಿಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗವೆಂದರೆ ಕಣ. ನಾಲ್ಕೂ ಕಡೆ ಬಯಲು. ಕಣದ ನಡುವೆ ಒಂದು ಕಲ್ಲಿನ ಮೇಲೆ, ಗಾಳಿಗೆ ಉರುಳದ ಹಾಗೆ ಇಡಿ. ಮಳೆ ನಿಂತ ಕೂಡಲೇ ಓದಿ ಬರೆದಿಡಿ.

ಬರೆಯುವಾಗ ಒಂದು ಎಚ್ಚರ. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಹುಟ್ಟಿ ಮರುದಿನ 8.30ಕ್ಕೆ ಮುಗಿಯುತ್ತದೆ. ಬುಧವಾರ ಸಂಜೆ ಐದಕ್ಕೆ ಸುರಿದ ಮಳೆ ಅವರ ಪಟ್ಟಿಯಲ್ಲಿ ಗುರುವಾರ ಬೆಳಗಿನ ಅಂಕಿಯಾಗಿ ಕಾಣುತ್ತದೆ, ಪತ್ರಿಕೆಗೆ ಬರುವುದು ಶುಕ್ರವಾರ. ‘ಗುರುವಾರ ಇಲ್ಲಿ ಹನಿಯೂ ಬೀಳಲಿಲ್ಲ, ಪೇಪರಿನವರು ಇಂಚು ಬರೆದಿದ್ದಾರೆ’ ಎಂಬ ದೂರು ನನಗೆ ಪ್ರತಿ ವರ್ಷ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಾಪಕಗಳನ್ನು ಇಟ್ಟಿದೆ. ನಿಮ್ಮ ಪಂಚಾಯಿತಿಯ ಅಂಕಿಯನ್ನೂ ನಿಮ್ಮ ಡಬ್ಬದ ಅಂಕಿಯನ್ನೂ ಹೋಲಿಸಿ ನೋಡುವಾಗ ಈ 8.30ರ ಲೆಕ್ಕ ಮರೆಯಬೇಡಿ.

ಮೆಣಸು ಮತ್ತು ನಿಶ್ಚಿತಾರ್ಥದ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಅಲ್ಲಿ ಬೇಕಾದದ್ದು ಎಲ್ಲಿ ಎಂಬುದಲ್ಲ, ಯಾವಾಗ ಎಂಬುದು. ಎಲ್ಲಿ ಎಂಬುದರಲ್ಲಿ ಎಷ್ಟು ಹುಚ್ಚೋ, ಯಾವಾಗ ಎಂಬುದರಲ್ಲಿ ಏಪ್ರಿಲ್ ಮಳೆ ಅಷ್ಟೇ ಶಿಸ್ತಿನದು. ಬಿಸಿಲು ಕಾಯಿಸದೆ ಅದು ಹುಟ್ಟುವುದಿಲ್ಲ. ಬೆಟ್ಟಸಾಲಿನ ಮೇಲೆ ಒಂದು ಗಂಟೆಯಿಂದ ಕಟ್ಟಿಕೊಳ್ಳಲು ಶುರು, ಬಯಲಿಗೆ ಮೂರು ನಾಲ್ಕರ ಹೊತ್ತಿಗೆ, ರಾತ್ರಿ ಎಂಟು ಒಂಬತ್ತರವರೆಗೆ ಆಟ. ಕರಾವಳಿಯವರು ಇದನ್ನು ಚೆನ್ನಾಗಿ ಬಲ್ಲರು. ಈ ತಿಂಗಳಲ್ಲಿ ಅವರು ಸಂಜೆ ಕಡಲಿನ ಕಡೆ ನೋಡುವುದಿಲ್ಲ, ಘಟ್ಟದ ಕಡೆ ನೋಡುತ್ತಾರೆ. ಮೂಡಣದಲ್ಲಿ ಗುಡುಗಿದರೆ ಅಂಗಳದ ಅಡಿಕೆ ಒಳಗೆ. ಈ ಶಿಸ್ತು ಮುರಿಯುವುದು ಸಮುದ್ರದಲ್ಲಿ ವಾಯುಭಾರ ಕುಸಿತವೋ ಚಂಡಮಾರುತವೋ ಎದ್ದಾಗ. 2021ರ ಮೇ ಮಧ್ಯದಲ್ಲಿ ತೌಕ್ತೆ ನಮ್ಮ ಕರಾವಳಿಯ ಎದುರು ಹಾದುಹೋದಾಗ ಬೆಳಿಗ್ಗೆ, ರಾತ್ರಿ ಎಂಬ ಭೇದವಿರಲಿಲ್ಲ. ನಿಮ್ಮ ಮುನ್ಸೂಚನೆಯಲ್ಲಿ ಅಂಥ ಸುಳಿವೇನೂ ಇಲ್ಲ.

ಆದ್ದರಿಂದ ಮೆಣಸನ್ನು ಇಬ್ಬನಿ ಆರಿದ ಮೇಲೆ, ಒಂಬತ್ತರ ಹೊತ್ತಿಗೆ ಹರಡಿದರೆ ಐದು ಗಂಟೆ ಒಳ್ಳೆಯ ಬಿಸಿಲು ಸಿಗುತ್ತದೆ. ದುರಾಸೆಗೆ ಇನ್ನೊಂದು ಗಂಟೆ ಬಿಡಬೇಡಿ. ಈ ಮಾತು ಅನುಭವದ್ದು. ನಾನು ಮಳೆ ಮುನ್ಸೂಚನೆಯ ಕೆಲಸದಲ್ಲಿ ಸೇವೆಯಲ್ಲಿದ್ದಾಗ ಒಂದು ಮಾರ್ಚ್ ಕೊನೆಯ ಭಾನುವಾರ ಮನೆಯ ತಾರಸಿಯ ಮೇಲೆ ಸಂಡಿಗೆ ಒಣಗುತ್ತಿತ್ತು. ಮೂರು ಗಂಟೆಗೆ ಹೆಂಡತಿ ಮೋಡ ಕಾಣುತ್ತಿದೆ, ಎತ್ತಲೇ ಎಂದು ಕೇಳಿದಳು. ಅದು ಇಪ್ಪತ್ತು ಕಿಲೋಮೀಟರ್ ಆಚೆ ಇದೆ, ಪಕ್ಕಕ್ಕೆ ಹೋಗುತ್ತದೆ ಎಂದು ನಾನು ಪೇಪರಿನಿಂದ ತಲೆ ಎತ್ತದೆ ಹೇಳಿದೆ. ಆ ಮೋಡ ಪಕ್ಕಕ್ಕೇ ಹೋಯಿತು, ನನ್ನ ಮಾತು ಉಳಿಯಿತು. ಆದರೆ ಸುರಿಯುತ್ತಿರುವ ಮೋಡದ ಬುಡದಿಂದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದಲ್ಲ, ಅದು ಮುಂದಿದ್ದ ಬಿಸಿಗಾಳಿಯನ್ನು ಎತ್ತಿ ನಮ್ಮ ಬಡಾವಣೆಯ ನೆತ್ತಿಯ ಮೇಲೆ ಹೊಸ ಮೋಡವನ್ನೇ ಹುಟ್ಟಿಸಿತು. ಮುಕ್ಕಾಲು ಗಂಟೆಯಲ್ಲಿ ಸಂಡಿಗೆ ಗಂಜಿಯಾಯಿತು. ‘ರಾಜ್ಯಕ್ಕೆಲ್ಲ ಮಳೆ ಹೇಳುವವರಿಗೆ ತಾರಸಿ ಕಾಣಲಿಲ್ಲ’ ಎಂಬ ಮಾತು ನಮ್ಮ ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಒಂದು ಮೋಡ ತಪ್ಪಿದರೆ ಅಪಾಯ ತಪ್ಪಿತು ಎಂದಲ್ಲ. ಧೂಳೆಬ್ಬಿಸುವ ತಣ್ಣನೆಯ ಗಾಳಿ ಬೀಸಿದರೆ ನಿಮಗೆ ಹತ್ತು ನಿಮಿಷ ಸಮಯವಿದೆ ಎಂದುಕೊಳ್ಳಿ.

ಆ ದಿನ ಮಳೆಯಾಗುವ ಲಕ್ಷಣ ಇದೆಯೇ ಎಂದು ಬೆಳಿಗ್ಗೆಯೇ ತಿಳಿಯಲು ಎರಡು ಗುರುತು ಹೇಳುತ್ತೇನೆ. ಏಳೆಂಟು ಗಂಟೆಗೆ ಆಕಾಶದ ನಡುಮಟ್ಟದಲ್ಲಿ ಕೋಟೆಯ ತೆನೆಗಳಂತೆ ಸಾಲಾಗಿ ತಲೆ ಎತ್ತಿದ ಸಣ್ಣ ಮೋಡಗಳು ಕಂಡರೆ ಮೇಲಿನ ಗಾಳಿ ಆಗಲೇ ಕುದಿಯುತ್ತಿದೆ, ಸಂಜೆಗೆ ತಯಾರಾಗಿ. ಬದಲಿಗೆ ಬೆಳಿಗ್ಗೆಯಿಂದಲೇ ತೆಳು ಮೋಡ ಆಕಾಶವನ್ನೆಲ್ಲ ಮುಸುಕು ಹಾಕಿ ಬಿಸಿಲನ್ನು ತಡೆದರೆ, ನೋಡಲು ಮಳೆಯ ದಿನದಂತಿದ್ದರೂ, ಒಲೆಯೇ ಹೊತ್ತಿಲ್ಲ. ಸೆಕೆ ಒಂದನ್ನೇ ನಂಬಬೇಡಿ. ಸೆಕೆ ತೇವ ಇದೆ ಎಂದು ಹೇಳುತ್ತದೆ, ಅದನ್ನು ಮೇಲೆತ್ತುವವರು ಬರುತ್ತಾರೆಯೇ ಎಂದು ಹೇಳುವುದಿಲ್ಲ. ಮಧ್ಯಾಹ್ನದ ಮೇಲೆ ಇಲಾಖೆ ಕೊಡುವ, ಮುಂದಿನ ಮೂರು ಗಂಟೆಗಳ ತಕ್ಷಣದ ಮುನ್ಸೂಚನೆಯನ್ನು ನೋಡುತ್ತಿರಿ. ಐದು ದಿನದ ಪಟ್ಟಿಗಿಂತ ಅದರ ತೂಕ ಹೆಚ್ಚು.

ನಿಶ್ಚಿತಾರ್ಥದ ಮುಹೂರ್ತ ಬೆಳಿಗ್ಗೆಯದ್ದೇ ಇರಬೇಕು, ನೀವು ಬರೆದಿಲ್ಲ. ಸಂಜೆಯದ್ದಾದರೆ ಪುರೋಹಿತರ ಕೈಕಾಲು ಹಿಡಿದು ಬೆಳಿಗ್ಗೆಗೆ ತಂದುಕೊಳ್ಳಿ. ಶಾಮಿಯಾನ ಹಾಕಿಸಿ, ಆದರೆ ಅದು ಬಿಸಿಲಿಗೆ. ಮಳೆಗೆ ಅದನ್ನು ನಂಬಬೇಡಿ, ಗಾಳಿಗಂತೂ ಬೇಡವೇ ಬೇಡ. ನಿಮ್ಮ ಹಳದಿ ಎಚ್ಚರಿಕೆ ಬುಧವಾರ, ಗುರುವಾರಕ್ಕೆ ಮಾತ್ರ ಇದೆ ನಿಜ, ಆದರೆ ಗುಡುಗುಮೋಡ ಒಂದೇ ಬಂದರೂ ಅದರ ಗಾಳಿ ಹಳದಿ, ಹಸಿರು ನೋಡುವುದಿಲ್ಲ. ಕಬ್ಬಿಣದ ಕಂಬದ ಶಾಮಿಯಾನದ ಅಡಿ ಗುಡುಗಿನ ಹೊತ್ತಿನಲ್ಲಿ ನೂರು ಜನ ಕೂರಬಾರದು. ನೆಂಟರ ಕಾರುಗಳನ್ನು ಸಿಲ್ವರ್ ಮರಗಳ ಕೆಳಗೆ ನಿಲ್ಲಿಸಲು ಬಿಡಬೇಡಿ, ತೋಟದಲ್ಲಿ ಗಾಳಿಗೆ ಮೊದಲು ಮುರಿಯುವುದೂ ಸಿಡಿಲಿಗೆ ಮೊದಲು ಸಿಗುವುದೂ ಅವೇ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಬಂದರೆ ಎಲ್ಲರೂ ಮನೆಯೊಳಗೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಗೆ ಬರುವುದು ಬೇಡ. ಕಣದ ಮೆಣಸು ಎತ್ತಲು ಆಳುಗಳನ್ನು ಆ ಹೊತ್ತಿನಲ್ಲಿ ಅಟ್ಟುವುದಂತೂ ಪಾಪ. ಎರಡು ಗಂಟೆಗೇ ಗುಡ್ಡೆ ಮಾಡಿ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿ. ಮೊಬೈಲಿನಲ್ಲಿ ‘ದಾಮಿನಿ’ ಹಾಕಿಕೊಳ್ಳಿ, ಸುತ್ತಮುತ್ತ ಎ‌ಲ್ಲಿ ಸಿಡಿಲು ಬಡಿಯುತ್ತಿದೆ ಎಂದು ತೋರಿಸುತ್ತದೆ. ಮಳೆಯ ಆ್ಯಪ್‌ಗಳ ಬಗ್ಗೆ ಅಷ್ಟು ಕೊಂಕು ಮಾತಾಡಿದವನು ಇದೊಂದನ್ನು ಮನಸಾರೆ ಹೊಗಳುತ್ತೇನೆ.

ಪತ್ರದ ಕೊನೆಯಲ್ಲಿ ನಿಮ್ಮ ತಂದೆಯವರ ಮಾತೊಂದನ್ನು ಬರೆದಿದ್ದೀರಿ: ಈಗ ನಡೆಯುತ್ತಿರುವುದು ರೇವತಿ ಮಳೆ, ಅದನ್ನು ನೆಚ್ಚಬಾರದು, ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು. ಹಿರಿಯರ ಮಾತನ್ನು ತಳ್ಳಿಹಾಕುವುದಿಲ್ಲ. ಭರಣಿ ಏಪ್ರಿಲ್ ಕೊನೆಗೆ ಶುರುವಾಗುತ್ತದೆ, ಆ ಹೊತ್ತಿಗೆ ಮಳೆ ಹೆಚ್ಚುವುದು ಅಂಕಿಗಳಲ್ಲೂ ಕಾಣುತ್ತದೆ. ಬೆಂಗಳೂರಿನ ಸರಾಸರಿಯನ್ನೇ ನೋಡಿ, ಏಪ್ರಿಲ್‌ಗೆ 60 ಮಿಲಿಮೀಟರ್ ಚಿಲ್ಲರೆ, ಮೇ ತಿಂಗಳಿಗೆ ಅದರ ಎರಡು ಪಟ್ಟು. ಆದರೆ ಮಳೆನಕ್ಷತ್ರಗಳು ಕ್ಯಾಲೆಂಡರು, ಮುನ್ಸೂಚನೆಯಲ್ಲ. ಅದೇ ಬೆಂಗಳೂರಿನಲ್ಲಿ 2001ರ ಏಪ್ರಿಲ್‌ನಲ್ಲಿ 323.8 ಮಿಲಿಮೀಟರ್ ಸುರಿಯಿತು. 2024ರ ಏಪ್ರಿಲ್‌ನಲ್ಲಿ ಅಳೆಯುವಷ್ಟು ಒಂದು ಹನಿಯೂ ಬೀಳಲಿಲ್ಲ. ಎರಡೂ ವರ್ಷ ರೇವತಿ, ಅಶ್ವಿನಿ ಅದೇ ತಾರೀಖಿಗೆ ಬಂದು ಹೋಗಿದ್ದವು. ಭರಣಿಯವರೆಗೆ ಕಾಯಲು ಅರೇಬಿಕಾಕ್ಕೆ ವ್ಯವಧಾನವಿಲ್ಲ ಎಂದು ತಂದೆಯವರಿಗೆ ನನ್ನ ಹೆಸರಿನಲ್ಲಿ ಹೇಳಿ.

ಅಂದಹಾಗೆ ಬುಧವಾರವೇ ಒಳ್ಳೆಯ ಮಳೆಯಾದರೆ ಹೂ ಅರಳುವುದು ಅಲ್ಲಿಂದ ಒಂಬತ್ತು ಹತ್ತು ದಿನಕ್ಕೆ, ಅಂದರೆ ಮುಂದಿನ ವಾರದ ಕೊನೆಗೆ. ಹೂವಿನ ದಿನ ಮಳೆ ಬಂದರೆ ಎಂಬ ಚಿಂತೆ ಆಗ ಶುರುವಾಗುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಜಾತಿ, ರೋಬಸ್ಟಾದಷ್ಟು ಹೆದರಬೇಕಿಲ್ಲ. ಅಲ್ಲದೆ ಸಂಜೆಯ ಮಳೆ ಬರುವಷ್ಟರಲ್ಲಿ ಬೆಳಗಿನ ಕೆಲಸವನ್ನು ಹೂವು ಮುಗಿಸಿರುತ್ತದೆ. ಆ ವಾರದ ಅಂದಾಜಿಗೆ ಇಲಾಖೆ ಪ್ರತಿ ಗುರುವಾರ ಹೊರಡಿಸುವ ವಿಸ್ತೃತ ಮುನ್ಸೂಚನೆ ನೋಡಿ. ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಅದು ಹೇಳುತ್ತದೆ, ದಿನ ಹೇಳುವುದಿಲ್ಲ.

ಬುಧವಾರ ರಾತ್ರಿ ಡಬ್ಬದಲ್ಲಿ ಎಷ್ಟು ಸೆಂಟ್ಸ್ ನಿಂತಿತು ಎಂದು ಬರೆದು ತಿಳಿಸಿ. ಭಾವನ ಕಣದಲ್ಲೂ ಅಂಥದ್ದೇ ಒಂದು ಡಬ್ಬ ಇಡಿಸಿ ಅದರ ಅಂಕಿಯನ್ನೂ ಸೇರಿಸಿ ಬರೆಯಿರಿ. ಇಬ್ಬರ ಡಬ್ಬವೂ ಒಂದೇ ಅಳತೆಯದ್ದಿರಲಿ, ಆಮೇಲೆ ಮಾತು ಬರುವುದು ಬೇಡ.